ಹಳೇ ಕಾರ್ಖಾನೆ ಏರಿಯಾದಲ್ಲಿ ಮನೆ ಕೊಳ್ಳುವುದು: ಟೋಕನ್ ಕೊಡುವ ಮುಂಚೆ ಮತ್ತು ಆಮೇಲೆ, ಹಂತ ಹಂತವಾಗಿ

ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಬಿನ್ನಿಪೇಟೆ, ಓಕಳೀಪುರ, ಯಶವಂತಪುರ. ಬೆಂಗಳೂರಿನ ಪಶ್ಚಿಮದ ಈ ಕಡೆ ದೊಡ್ಡ ಮಿಲ್ಲು, ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿವೆ. ಕೆಲವು ಜಾಗದಲ್ಲಿ ಮಾಲು, ಅಪಾರ್ಟ್‌ಮೆಂಟು ಎದ್ದಿವೆ. ಉಳಿದ ಕಡೆ 20×30 ಸೈಟಿನಲ್ಲಿ ಮೂರು-ನಾಲ್ಕು ಮಹಡಿ ಮನೆಗಳು, ನಡುನಡುವೆ ಇನ್ನೂ ಓಡುತ್ತಿರುವ ಲೇತು, ಪ್ರೆಸ್ಸು, ಗಾರ್ಮೆಂಟ್ಸು. ಮೆಟ್ರೊ ಹತ್ತಿರ, ಮೆಜೆಸ್ಟಿಕ್ ಹತ್ತಿರ. ಹಾಗಾಗಿ ಕೊಳ್ಳುವವರು ಜಾಸ್ತಿ, ಕೊಂಡು ಕೈ ಸುಟ್ಟುಕೊಂಡವರೂ ಜಾಸ್ತಿ.

ಎಡವುವ ಜಾಗ ಹೆಚ್ಚಾಗಿ ಒಂದೇ. ಮನೆ ಇಷ್ಟವಾಗುತ್ತದೆ. ಬ್ರೋಕರ್ "ಇನ್ನೊಂದು ಪಾರ್ಟಿ ಸಂಜೆ ಬರ್ತಿದೆ ಸಾರ್" ಅನ್ನುತ್ತಾರೆ. ಟೋಕನ್ ಕೊಟ್ಟಾಯಿತು, ಆಮೇಲೆ ಲಾಯರ್ ಹುಡುಕಾಟ. ಅಷ್ಟು ಹೊತ್ತಿಗೆ ಮನಸ್ಸು "ಏನಾದ್ರೂ ಮಾಡಿ ತಗೊಳ್ಳೋಣ" ಅನ್ನುವ ಕಡೆ ವಾಲಿರುತ್ತದೆ. ಕೆಳಗಿನ ಕ್ರಮದಲ್ಲಿ ಹೋದರೆ, ದುಡ್ಡು ಕೈಬಿಡುವ ಹೊತ್ತಿಗೆ ಮುಕ್ಕಾಲು ಪರೀಕ್ಷೆ ಮುಗಿದಿರುತ್ತದೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಆಮೇಲೆ.

ಕೈಯಲ್ಲಿ ಇರಬೇಕಾದ್ದು

ಉದ್ದದ ಅಳತೆ ಟೇಪು, ಟಾರ್ಚು, ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್, ನೀರು ತುಂಬಲು ಎರಡು ಶುಭ್ರ ಬಾಟಲಿ. ಜನರ ಪೈಕಿ ಒಬ್ಬ ಲಾಯರ್, ಒಬ್ಬ ಸಿವಿಲ್ ಎಂಜಿನಿಯರ್, ಒಬ್ಬ ಸರ್ವೇಯರ್. ಮೂವರನ್ನೂ ನೀವೇ ಹುಡುಕಿ. ಬ್ರೋಕರ್ ಕರೆತಂದ ಲಾಯರ್ ಬೇಡ. ವ್ಯವಹಾರ ಮುರಿದರೆ ಅವರಿಗೂ ನಷ್ಟ, ಅಲ್ವಾ? ಬ್ಯಾಂಕಿನವರ ಲೀಗಲ್ ರಿಪೋರ್ಟನ್ನೂ ನಿಮ್ಮ ರಿಪೋರ್ಟ್ ಅಂತ ತಿಳಿಯಬೇಡಿ. ಬ್ಯಾಂಕು ನೋಡುವುದು ತನ್ನ ಸಾಲ ವಾಪಸ್ ಬರುತ್ತದಾ ಅಂತ ಮಾತ್ರ.

ಹಂತ 1: ಮೊದಲು ಬೀದಿ, ಆಮೇಲೆ ಮನೆ

ಭಾನುವಾರ ಬೆಳಿಗ್ಗೆ ಮನೆ ತೋರಿಸುತ್ತೇವೆ ಅಂದರೆ ಒಪ್ಪಬೇಡಿ. ಭಾನುವಾರ ಲೇತು ಓಡುವುದಿಲ್ಲ, ಲಾರಿ ಬರುವುದಿಲ್ಲ, ಗಾರ್ಮೆಂಟ್ಸ್ ಬಿಡುವುದಿಲ್ಲ. ವಾರದ ದಿನ ಬೆಳಿಗ್ಗೆ 11ಕ್ಕೆ ಒಮ್ಮೆ, ಸಂಜೆ ಶಿಫ್ಟ್ ಬಿಡುವಾಗ ಒಮ್ಮೆ, ರಾತ್ರಿ 10ರ ಮೇಲೆ ಒಮ್ಮೆ ಹೋಗಿ. ಜೋರು ಮಳೆ ಬಂದ ಸಂಜೆ ಹೋಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ನೀರು ಎಲ್ಲಿವರೆಗೆ ನಿಲ್ಲುತ್ತದೆ ಎನ್ನುವುದು ಪಕ್ಕದ ಶೆಡ್ಡಿನ ಗೋಡೆ ಮೇಲಿನ ಕಪ್ಪು ಗೆರೆಯಲ್ಲೂ ಕಾಣುತ್ತದೆ.

ಮನೆಯೊಳಗೆ ಅದುರುವಿಕೆ ನೋಡಲು ಸುಲಭದ ದಾರಿ ಇದೆ. ಪಕ್ಕದಲ್ಲಿ ಮೆಷಿನ್ ಓಡುವಾಗ ಸ್ಟೀಲ್ ಲೋಟದ ತುಂಬ ನೀರು ಹಾಕಿ, ಆ ಕಡೆಯ ಗೋಡೆಗೆ ಅಂಟಿಕೊಂಡ ಅಡುಗೆಕಟ್ಟೆ ಮೇಲಿಡಿ. ನೀರಿನ ಮೇಲೆ ಸಣ್ಣ ಬಳೆಗಳು ಬಿಡದೆ ಏಳುತ್ತಲೇ ಇದ್ದರೆ ಪವರ್ ಪ್ರೆಸ್ಸು (ತಗಡು ಒತ್ತುವ ಯಂತ್ರ) ಹತ್ತಿರದಲ್ಲೇ ಇದೆ. ಅಂಗೈಯನ್ನು ಗೋಡೆಗೆ ಒತ್ತಿದರೂ ಗೊತ್ತಾಗುತ್ತದೆ. ಇದನ್ನು ಪ್ರತಿ ಮಹಡಿಯಲ್ಲೂ ಮಾಡಿ. ಕೆಳಗೆ ಸುಮ್ನೆ ಇರುವ ಕಟ್ಟಡ ಮೂರನೇ ಮಹಡಿಯಲ್ಲಿ ಅದುರುವುದುಂಟು.

ಇನ್ನು ಮೂಗಿನ ಕೆಲಸ. ಹುಳಿ, ಲೋಹದ ವಾಸನೆ ಬಂದರೆ ಪ್ಲೇಟಿಂಗ್ (ಲೋಹಕ್ಕೆ ಲೇಪ ಕೊಡುವ) ಘಟಕ. ಥಿನ್ನರ್ ವಾಸನೆ ಬಂದರೆ ಪೇಂಟ್ ಬೂತು ಅಥವಾ ಕೆಮಿಕಲ್ ಗೋಡೌನು. ಗೋಡೌನಿಗೆ ಬೋರ್ಡು ಇರುವುದಿಲ್ಲ. ಅರ್ಧ ಎಳೆದ ಶಟರ್, ಹೊರಗೆ ನೀಲಿ ಡ್ರಮ್ಮುಗಳು, ಅಷ್ಟೇ ಗುರುತು. 2020ರ ನವೆಂಬರಿನಲ್ಲಿ ಮೈಸೂರು ರಸ್ತೆ ಬಾಪೂಜಿನಗರದ ಹೊಸಗುಡ್ಡದಹಳ್ಳಿಯಲ್ಲಿ ಕೆಮಿಕಲ್ ಗೋಡೌನಿಗೆ ಬೆಂಕಿ ಬಿದ್ದಿದ್ದು ಇಂಥದೇ ಜನ ತುಂಬಿದ ಬೀದಿಯಲ್ಲಿ. ಫೈರ್ ಎಂಜಿನ್ ನಿಮ್ಮ ಅಡ್ಡರಸ್ತೆಗೆ ತಿರುಗುತ್ತದಾ ಅಂತ ಟೇಪು ಹಿಡಿದೇ ನೋಡಿ. ಎರಡೂ ಕಡೆ ಗಾಡಿ ನಿಂತ ಮೇಲೆ ಉಳಿಯುವ ಅಗಲ ಲೆಕ್ಕ, ಪತ್ರದಲ್ಲಿ ಬರೆದ ಅಗಲ ಅಲ್ಲ.

ಎಚ್ಚರಿಕೆ ಗುರುತು: ಬೀದಿಯಲ್ಲಿ ಒಂದೇ ಸಾಲಿನ ಎರಡು ಮೂರು ಮನೆಗಳು ಒಟ್ಟಿಗೆ ಮಾರಾಟಕ್ಕಿದ್ದರೆ, ಮೂಲೆಯ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಕಾರಣ ಕೇಳಿ.

ಹಂತ 2: ನಕ್ಷೆಯಲ್ಲಿ ಆ ಜಾಗದ ಬಣ್ಣ ಯಾವುದು

ಬೆಂಗಳೂರಿಗೆ ಈಗಲೂ ಆಧಾರ 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಾಸ್ಟರ್ ಪ್ಲ್ಯಾನ್ 2015. ಅದರ ನಕ್ಷೆಗಳು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಸಿಗುತ್ತವೆ. ನಿಮ್ಮ ಸೈಟು ವಸತಿ ವಲಯದಲ್ಲಿದೆಯಾ, ಕೈಗಾರಿಕಾ ವಲಯದಲ್ಲಿದೆಯಾ ನೋಡಿ. ಗೊಂದಲವಾದರೆ ಬಿಡಿಎಗೆ ಅರ್ಜಿ ಹಾಕಿ ಭೂ ಉಪಯೋಗದ ದೃಢೀಕರಣ ತೆಗೆದುಕೊಳ್ಳಿ.

"ಸುತ್ತ ಎಲ್ಲ ಮನೆಗಳೇ ಇವೆಯಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಕೈಗಾರಿಕಾ ವಲಯದಲ್ಲಿ ಮನೆ ಕಟ್ಟಲು ಪ್ಲ್ಯಾನ್ ಮಂಜೂರಾಗುವುದು ಕಷ್ಟ, ಗೃಹಸಾಲವೂ ಕಷ್ಟ. ಇನ್ನೊಂದು ಪೆಟ್ಟು ಶಬ್ದದ್ದು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಕೈಗಾರಿಕಾ ಪ್ರದೇಶದಲ್ಲಿ ಅದು 75 ಮತ್ತು 70. ಅಂದರೆ ರಾತ್ರಿ ಪಕ್ಕದ ಪ್ರೆಸ್ಸಿನ ಮೇಲೆ ದೂರು ಕೊಡಲು ಹೋದರೆ, ತಪ್ಪು ಜಾಗದಲ್ಲಿ ಮಲಗಿರುವವರು ನೀವು ಅಂತಾಗುತ್ತದೆ. ಫೋನಿನ ಆ್ಯಪ್ ಕೊಡುವ ಅಂಕಿ ಅಧಿಕೃತವಲ್ಲ, ಆದರೆ 45 ಇರಬೇಕಾದ ಕಡೆ 65 ತೋರಿಸಿದರೆ ಅಷ್ಟು ಸಾಕು.

ಇದೇ ನಕ್ಷೆಯಲ್ಲಿ ಇನ್ನೆರಡು ವಿಷಯ ನೋಡಿಬಿಡಿ. ಒಂದು, ರಸ್ತೆ ಅಗಲೀಕರಣದ ಗೆರೆ ಮನೆ ಮೇಲೆ ಹಾದಿದೆಯಾ. ಎರಡು, ರಾಜಕಾಲುವೆ, ಅಂದರೆ ಮಳೆನೀರಿನ ಕಾಲುವೆ. ಈ ಪ್ಲ್ಯಾನಿನ ಪ್ರಕಾರ ದೊಡ್ಡ ಕಾಲುವೆಯ ಮಧ್ಯದಿಂದ 50 ಮೀಟರ್, ಎರಡನೇ ದರ್ಜೆಗೆ 25, ಮೂರನೆಯದಕ್ಕೆ 15 ಮೀಟರ್ ಬಫರ್ (ಕಟ್ಟಡ ಕಟ್ಟಬಾರದ ಜಾಗ). ವೃಷಭಾವತಿಗೆ ಸೇರುವ ಕಾಲುವೆಗಳು ಈ ಏರಿಯಾಗಳ ಒಳಗೇ ಹರಿಯುತ್ತವೆ. ಚಪ್ಪಡಿ ಮುಚ್ಚಿ ಮೇಲೆ ಗಾಡಿ ನಿಲ್ಲಿಸುವ "ಮೋರಿ" ಕೂಡ ಗ್ರಾಮನಕ್ಷೆಯಲ್ಲಿ ರಾಜಕಾಲುವೆ ಇರಬಹುದು.

ಹಂತ 3: ಈ ನೆಲ ಕಾರ್ಖಾನೆಯ ಕೈಯಿಂದ ಹೇಗೆ ಬಿಡಿಸಿಕೊಂಡು ಬಂತು

ಇಲ್ಲಿ ನಿಧಾನವಾಗಿ ಹೋಗಿ. ಬೇರೆ ಬಡಾವಣೆಗಳಲ್ಲಿ ಕೇಳದ ಪ್ರಶ್ನೆ ಇದು, ಇಂಥ ಏರಿಯಾದಲ್ಲಿ ಮೊದಲ ಪ್ರಶ್ನೆ. ಮೂಲ ಪತ್ರದಿಂದ ಇವತ್ತಿನವರೆಗೆ ಪ್ರತಿ ಕೈ ಬದಲಾವಣೆಗೂ ಒಂದು ಕಾಗದ ಬೇಕು. ಯಾವ ಜಾತಿಯ ಜಮೀನು ಅನ್ನುವುದರ ಮೇಲೆ ಕಾಗದ ಬೇರೆಯಾಗುತ್ತದೆ.

ಹಳೇ ಸಿಐಟಿಬಿ (ಬಿಡಿಎಗೆ ಮುಂಚಿನ ಸಂಸ್ಥೆ) ಅಥವಾ ಬಿಡಿಎ ಸೈಟಾದರೆ ಹಂಚಿಕೆ ಪತ್ರ, ಲೀಸ್ ಕಮ್ ಸೇಲ್ (ಗುತ್ತಿಗೆ ಮತ್ತು ಮಾರಾಟದ ಕರಾರು), ಆಮೇಲೆ ಶುದ್ಧ ಕ್ರಯಪತ್ರ. ಈ ಮೂರರಲ್ಲಿ ಕೊನೆಯದು ಇಲ್ಲದೆ ಮಾರುತ್ತಿದ್ದರೆ ಅಲ್ಲೇ ನಿಲ್ಲಿ. ಸರ್ಕಾರದ ಕೈಗಾರಿಕಾ ಸಂಸ್ಥೆಗಳಾದ ಕೆಎಸ್‌ಎಸ್‌ಐಡಿಸಿ ಅಥವಾ ಕೆಐಎಡಿಬಿ ಕೊಟ್ಟ ಶೆಡ್ಡು, ನಿವೇಶನವಾದರೆ ಅದು ಕೈಗಾರಿಕೆಗೆಂದೇ ಕೊಟ್ಟಿದ್ದು. ಮೇಲೆ ಎರಡು ಬೆಡ್‌ರೂಮಿನ ಮನೆ ಕಟ್ಟಿದ್ದರೂ ಷರತ್ತು ಮಾಯವಾಗಿರುವುದಿಲ್ಲ. ಕೊಳಗೇರಿ ಮಂಡಳಿಯ ಹಕ್ಕುಪತ್ರದ ಮನೆಯಾದರೆ ಮಾರಲು ನಿರ್ಬಂಧ ಇದೆಯಾ ಅಂತ ಮಂಡಳಿಯಲ್ಲೇ ಕೇಳಿ, ಮಾರುವವರನ್ನು ಕೇಳಿ ಪ್ರಯೋಜನವಿಲ್ಲ.

ಮುಚ್ಚಿದ ಮಿಲ್ಲಿನ ಜಮೀನು ಇನ್ನೂ ಸೂಕ್ಷ್ಮ. ಕಂಪನಿ ಮುಳುಗಿದಾಗ ಅದರ ನೆಲದ ಮೇಲೆ ಬ್ಯಾಂಕು, ಕಾರ್ಮಿಕರ ಬಾಕಿ, ಪಿಎಫ್ ಬಾಕಿ ಎಲ್ಲ ಕೂತಿರುತ್ತವೆ. ಪಿಎಫ್ ಬಾಕಿಗೆ ಕಾನೂನಿನಲ್ಲೇ ಆಸ್ತಿಯ ಮೇಲೆ ಮೊದಲ ಹಕ್ಕಿದೆ. ಕೋರ್ಟಿನ ಲಿಕ್ವಿಡೇಟರ್ (ಮುಳುಗಿದ ಕಂಪನಿಯ ಆಸ್ತಿ ಮಾರಿ ಸಾಲ ತೀರಿಸುವವರು) ಮೂಲಕ ಮಾರಾಟವಾಗಿದ್ದರೆ ಅದನ್ನು ಕೋರ್ಟು ಒಪ್ಪಿದ ಆದೇಶದ ಪ್ರತಿ ಬೇಕು. ಕಂಪನಿಯೇ ಮಾರಿದ್ದರೆ ಸಾಲ ತೀರಿದ ಪತ್ರ ಬೇಕು. ಅಡಮಾನಗಳ ಕೇಂದ್ರ ದಾಖಲೆ ಇಡುವ ಸೆರ್ಸಾಯ್ ವೆಬ್‌ಸೈಟಿನಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಿದರೆ ಆಸ್ತಿ ಬ್ಯಾಂಕಿನಲ್ಲಿ ಅಡ ಇದೆಯಾ ಅಂತ ಸಿಗುತ್ತದೆ. ಇಂಥ ಜಾಗದಲ್ಲಿ ಎದ್ದ ಹೊಸ ಫ್ಲಾಟಿಗೂ ಇದೇ ಪರೀಕ್ಷೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇದೆ ಅಂದ ಮಾತ್ರಕ್ಕೆ ಹಕ್ಕು ಶುದ್ಧ ಅಂತ ಅರ್ಥವಲ್ಲ.

ಈಗ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕೈಬರಹದ ದಾಖಲೆಯಿಂದ ತೆಗೆಸಬೇಕು. ಬಹಳ ಜನ ಈ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಇನ್ನೊಂದು ತಪ್ಪು, ಈಗಿನ ಖಾತಾ ನಂಬರಿನಲ್ಲಿ ಮಾತ್ರ ಹುಡುಕುವುದು. ಹಳೇ ಪತ್ರಗಳಲ್ಲಿ ಸರ್ವೆ ನಂಬರ್, ಹಳೇ ಮನೆ ನಂಬರ್ ಇರುತ್ತದೆ. ಪ್ರತಿ ನಂಬರಿಗೂ ಬೇರೆ ಬೇರೆ ಇ.ಸಿ. ತೆಗೆಸಿ. ಇ.ಸಿ.ಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಕೋರ್ಟು ಕೇಸಿಗೆ ಇ-ಕೋರ್ಟ್ಸ್‌ನಲ್ಲಿ ಮಾರುವವರ, ಅವರ ಅಪ್ಪ, ಅಣ್ಣ ತಮ್ಮಂದಿರ ಹೆಸರು ಹಾಕಿ ಹುಡುಕಿ.

ಚಕ್ಕುಬಂದಿ (ಸೈಟಿನ ನಾಲ್ಕು ಕಡೆಯ ಗಡಿ ವಿವರ) ಓದುವುದನ್ನು ಮರೆಯಬೇಡಿ. "ಪೂರ್ವಕ್ಕೆ ಮಿಲ್ಲಿನ ಕಾಂಪೌಂಡು, ಉತ್ತರಕ್ಕೆ ಓಣಿ" ಅಂತ ಹಳೇ ಪತ್ರದಲ್ಲಿ ಇರುತ್ತದೆ. ಮಿಲ್ಲೂ ಇಲ್ಲ, ಕಾಂಪೌಂಡೂ ಇಲ್ಲ, ಓಣಿ ಯಾರದೋ ಮೆಟ್ಟಿಲ ಕೆಳಗೆ ಸೇರಿಹೋಗಿದೆ. ಪತ್ರದಿಂದ ಪತ್ರಕ್ಕೆ ಆ ಸಾಲನ್ನು ನಕಲು ಮಾಡುತ್ತಾ ಬಂದಿರುತ್ತಾರೆ, ಯಾರೂ ಹೋಗಿ ನೋಡಿರುವುದಿಲ್ಲ. ಸರ್ವೇಯರ್ ಕರೆಸಿ ನಾಲ್ಕೂ ಕಡೆ ಅಳೆಸಿ. ಪತ್ರದಲ್ಲಿ 20 ಅಡಿ ಇದ್ದು ನೆಲದಲ್ಲಿ 18 ಸಿಕ್ಕರೆ, ಆ ಎರಡು ಅಡಿ ಯಾವ ಕಡೆ ಹೋಯಿತು ಅಂತ ಗೊತ್ತಾಗಬೇಕು. ಚಕ್ಕುಬಂದಿ ತಪ್ಪಿದ್ದರೆ ತಿದ್ದುಪಡಿ ಪತ್ರ ಆಗಬೇಕು. ಅದು ನಿಮ್ಮ ಕ್ರಯಕ್ಕೆ ಮುಂಚೆ, ಮಾರುವವರ ಖರ್ಚಿನಲ್ಲಿ.

ಹಂತ 4: ಸಹಿ ಹಾಕಬೇಕಾದವರ ಪಟ್ಟಿ

ಮಿಲ್ಲು, ಫ್ಯಾಕ್ಟರಿಯಲ್ಲಿ ದುಡಿದ ಅಜ್ಜ ಕೊಂಡ ಸೈಟು, ಈಗ ಮೊಮ್ಮಕ್ಕಳು ಮಾರುತ್ತಿದ್ದಾರೆ. ಇದು ಇಲ್ಲಿನ ಸಾಮಾನ್ಯ ಕಥೆ. ವಂಶವೃಕ್ಷ ತೆಗೆದುಕೊಳ್ಳಿ, ಅದರಲ್ಲಿರುವ ಪ್ರತಿ ಹೆಸರಿಗೂ ಒಂದು ಸಹಿ ಅಥವಾ ಒಂದು ಪತ್ರ ಇರಬೇಕು: ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರ ಅಥವಾ ಮರಣ ಪ್ರಮಾಣಪತ್ರ.

ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡುವುದೇ ದೊಡ್ಡ ತಪ್ಪು. "ಅವರಿಗೆ ಮದುವೇಲಿ ಕೊಟ್ಟಾಗಿದೆ" ಅನ್ನುವುದು ಮನೆಮಾತು, ಕಾನೂನಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ 2005ರ ತಿದ್ದುಪಡಿ ಹೇಳಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿದೆ. ಒಬ್ಬ ತಂಗಿ ಅಮೆರಿಕದಲ್ಲಿದ್ದರೆ ವಾಟ್ಸ್ಯಾಪಿನ "ಓಕೆ ಅಣ್ಣ" ಸಾಲದು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಬಂದು, ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕವಾಗಬೇಕು. ಅಪ್ರಾಪ್ತ ಮಕ್ಕಳ ಪಾಲಿದ್ದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕಾ ಅಂತ ಲಾಯರ್ ಹತ್ತಿರ ಬರಹದಲ್ಲಿ ಕೇಳಿ.

ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರುತ್ತೇವೆ, ಜೊತೆಗೆ ಕರಾರು, ಉಯಿಲು ಕೊಡುತ್ತೇವೆ ಅಂದರೆ ಎದ್ದು ಬನ್ನಿ. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಹಂತ 5: ಖಾತಾ, ಕಂದಾಯ, ಪ್ಲ್ಯಾನು

2024ರಿಂದ ಬೆಂಗಳೂರಿನಲ್ಲಿ ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ನೋಂದಣಿ ಆಗುವುದಿಲ್ಲ. ಇ-ಖಾತಾದಲ್ಲಿ ಹೆಸರಿನ ಕಾಗುಣಿತ, ಸೈಟಿನ ಅಳತೆ, ಫೋಟೊ ಮೂರನ್ನೂ ಕ್ರಯಪತ್ರದ ಜೊತೆ ತಾಳೆ ನೋಡಿ. ಬಿ ಖಾತಾ (ನಿಯಮಕ್ಕೆ ಪೂರ್ತಿ ಒಗ್ಗದ) ಆಸ್ತಿಗೆ ಹೆಚ್ಚಿನ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಎ ಖಾತಾಕ್ಕೆ ಬದಲಿಸಿಕೊಡುವ ಯೋಜನೆ 2025ರಲ್ಲಿ ಬಂದಿದೆ ನಿಜ, ಆದರೆ ಅದನ್ನು ಮಾರುವವರು ಮಾಡಿಸಿ ಕೊಡಲಿ. "ನೀವೇ ಮಾಡಿಸ್ಕೊಳ್ಳಿ, ಈಸಿ" ಅಂದರೆ ಅಷ್ಟು ಈಸಿ ಇದ್ದಿದ್ದರೆ ಅವರೇ ಯಾಕೆ ಮಾಡಿಸಿಲ್ಲ?

ಕಂದಾಯ ರಸೀದಿಯಲ್ಲಿ "ವಸತಿ" ಅಂತ ಇದ್ದು ಕೆಳಗಡೆ ವರ್ಕ್‌ಶಾಪು ಬಾಡಿಗೆಗಿದ್ದರೆ ತೆರಿಗೆ ಕಡಿಮೆ ಕಟ್ಟಿದ್ದಾರೆ. ವ್ಯತ್ಯಾಸ, ದಂಡ, ಬಡ್ಡಿ ಸಮೇತ ನೋಟಿಸು ಮುಂದೆ ನಿಮ್ಮ ಬಾಗಿಲಿಗೇ ಬರುತ್ತದೆ. ಮಂಜೂರಾದ ಪ್ಲ್ಯಾನಿನಲ್ಲಿ ಎರಡು ಮಹಡಿ, ನಿಂತಿರುವುದು ನಾಲ್ಕು ಅಂತಿದ್ದರೆ, ಮೇಲಿನ ಎರಡಕ್ಕೆ ಬ್ಯಾಂಕು ಬೆಲೆ ಕಟ್ಟುವುದಿಲ್ಲ. ಅವುಗಳ ಬಾಡಿಗೆ ಲೆಕ್ಕ ಹಾಕಿ ಮನೆಗೆ ಬೆಲೆ ಕಟ್ಟುವವರೇ ಇಲ್ಲಿ ಜಾಸ್ತಿ.

ಹಂತ 6: ನೀರು

ಪ್ಲೇಟಿಂಗ್ ಘಟಕಗಳಿದ್ದ ಕಡೆ ನೆಲದೊಳಗೆ ಕ್ರೋಮಿಯಂ ಇಳಿದಿರಬಹುದು. ಪೀಣ್ಯದ ಅಂತರ್ಜಲದಲ್ಲಿ ಅದು ಪತ್ತೆಯಾಗಿದೆ. ಘಟಕ ಮುಚ್ಚಿ ವರ್ಷಗಳಾದರೂ ನೀರು ಸರಿಹೋಗಿರುತ್ತದೆ ಅನ್ನುವಂತಿಲ್ಲ. ಬೋರ್‌ವೆಲ್ ನೀರನ್ನು ಮಾನ್ಯತೆ ಇರುವ ಲ್ಯಾಬಿಗೆ ಕೊಡುವಾಗ "ಕುಡಿಯುವ ನೀರಿನ ಟೆಸ್ಟ್" ಅಂತಷ್ಟೇ ಹೇಳಬೇಡಿ. ಸಾಮಾನ್ಯ ಪ್ಯಾಕೇಜಿನಲ್ಲಿ ಭಾರಲೋಹ ಇರುವುದಿಲ್ಲ. ಕ್ರೋಮಿಯಂ, ಸೀಸ, ನೈಟ್ರೇಟ್ ಅಂತ ಹೆಸರಿಟ್ಟು ಕೇಳಿ. ಭಾರತೀಯ ಮಾನಕದ ಮಿತಿ ಲೀಟರಿಗೆ ಕ್ರೋಮಿಯಂ 0.05 ಮಿಲಿಗ್ರಾಂ, ಸೀಸ 0.01, ನೈಟ್ರೇಟ್ 45. ಬಿಳಿ ಬಕೆಟಿನಲ್ಲಿ ಹಿಡಿದ ಬೋರ್ ನೀರು ತೆಳು ಹಳದಿ ಕಂಡರೆ ಟೆಸ್ಟ್ ಬರುವವರೆಗೆ ಮುಂದೆ ಹೋಗಬೇಡಿ. ಕುದಿಸಿದರೆ ಲೋಹ ಹೋಗುವುದಿಲ್ಲ.

ಕಾವೇರಿ ನೀರು ಬರುವ ದಿನ, ಬರುವ ಹೊತ್ತಿಗೆ ಸಂಪಿನ ಹತ್ತಿರ ನಿಲ್ಲಿ. ಮೊದಲ ಎರಡು ನಿಮಿಷದ ನೀರು ಮೂಸಿ ನೋಡಿ. ಹಳೇ ಪೈಪುಗಳು ಒಳಚರಂಡಿಯ ಪಕ್ಕದಲ್ಲೇ ಹೋಗಿರುತ್ತವೆ, ಒಡೆದಿದ್ದರೆ ಮೊದಲು ಬರುವುದು ಆ ವಾಸನೆ. ಅಕ್ಕಪಕ್ಕದವರಿಗೆ ಕೇಳಬೇಕಾದ ಪ್ರಶ್ನೆ "ನೀರು ಬರುತ್ತಾ?" ಅಲ್ಲ, "ಹೋದ ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ತರಿಸಿದ್ರಿ?"

ಹಂತ 7: ಕಟ್ಟಡ

ಎಂಜಿನಿಯರ್ ನೋಡಲಿ, ಆದರೆ ನೀವೂ ಜೊತೆಗಿರಿ. ಈ ಮನೆಗಳು ಹೆಚ್ಚಾಗಿ ಸೈಜುಕಲ್ಲಿನ ಪಾಯ, ಪಿಲ್ಲರ್ ಇಲ್ಲದ ಇಟ್ಟಿಗೆ ಗೋಡೆ. ಒಂದು ಮಹಡಿಗೆಂದು ಹಾಕಿದ ಪಾಯದ ಮೇಲೆ ಬಾಡಿಗೆ ಆಸೆಗೆ ಮಹಡಿ ಮೇಲೆ ಮಹಡಿ ಏರಿರುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಬಾಗಿಲು ಚೌಕಟ್ಟಿಗೆ ಕೂರದಿರುವುದು, ಹೊಸದಾಗಿ ಒಂದೇ ಗೋಡೆಗೆ ಬಳಿದ ಬಣ್ಣ: ಇವು ಅನುಮಾನದ ಗುರುತುಗಳು. ಕೂಡುಗೋಡೆ ಇದ್ದರೆ ಅದು ಯಾರದು ಅಂತ ಪತ್ರದಲ್ಲಿ ಇರಬೇಕು. ಇಲ್ಲದಿದ್ದರೆ ನಾಳೆ ಪಕ್ಕದವರು ಕೆಡವಿ ಕಟ್ಟುವಾಗ ನಿಮ್ಮ ಮನೆ ಬಯಲಿಗೆ ಬೀಳುತ್ತದೆ.

ಮೀಟರ್ ಬೋರ್ಡಿನಲ್ಲಿ ಆರ್.ಆರ್. (ಕರೆಂಟ್ ಸಂಪರ್ಕದ) ನಂಬರುಗಳನ್ನು ಬರೆದುಕೊಂಡು ಬೆಸ್ಕಾಂ ಬಾಕಿ ನೋಡಿ. ಹಳೇ ವರ್ಕ್‌ಶಾಪಿನ ಮೀಟರ್ ಒಂದು ಮೂಲೆಯಲ್ಲಿ ಬಾಕಿ ಸಮೇತ ನೇತಾಡುತ್ತಿರುವುದುಂಟು.

ಹಂತ 8: ಒಳಗಿರುವವರು

ಪ್ರತಿ ಮನೆಯ ಬಾಗಿಲು ತಟ್ಟಿ, ಅಲ್ಲಿರುವವರು ಬಾಡಿಗೆಗಾ, ಭೋಗ್ಯಕ್ಕಾ ಅಂತ ಕೇಳಿ. ಭೋಗ್ಯದ ಕರಾರು ಸಾಮಾನ್ಯವಾಗಿ ನೋಂದಣಿಯಾಗಿರುವುದಿಲ್ಲ, ಇ.ಸಿ.ಯಲ್ಲಿ ಕಾಣುವುದಿಲ್ಲ. ಓನರ್ ಮೂರು ಮನೆಯಿಂದ ತಲಾ ಎಂಟು ಹತ್ತು ಲಕ್ಷ ತೆಗೆದುಕೊಂಡು ಖರ್ಚು ಮಾಡಿರುತ್ತಾರೆ. ಆ ದುಡ್ಡು ಬರುವವರೆಗೆ ಅವರು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಭೋಗ್ಯದ ಮೊತ್ತವನ್ನು ಕ್ರಯದ ಹಣದಲ್ಲಿ ಕಳೆದು, ನೀವೇ ಅವರ ಖಾತೆಗೆ ಹಾಕಿ, ಖಾಲಿ ಮಾಡಿದ ಪತ್ರ ಬರೆಸಿಕೊಳ್ಳುವುದು ಸರಿಯಾದ ದಾರಿ. ಕೆಳಗಿನ ವರ್ಕ್‌ಶಾಪು ಖಾಲಿಯಾಗದೆ ನೋಂದಣಿಗೆ ಹೋಗಬೇಡಿ. ಮೆಷಿನ್ ಎತ್ತಲು ಕ್ರೇನ್ ಬೇಕು, ಕ್ರೇನ್ ಬರಲು ಬೀದಿ ಬೇಕು, ತಿಂಗಳುಗಟ್ಟಲೆ ಎಳೆಯುತ್ತದೆ.

ಹಂತ 9: ಈಗ ದುಡ್ಡು

ಕರಾರು ಪತ್ರ ಮಾಡಿಸಿ, ಮುಂಗಡ ಬ್ಯಾಂಕಿನ ಮೂಲಕವೇ ಕೊಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ಕಾನೂನಿಗೆ ವಿರುದ್ಧ. ಕರಾರಿನಲ್ಲಿ ಮೂರು ಸಾಲು ಇರಲೇಬೇಕು: ಯಾವ ತಾರೀಖಿನೊಳಗೆ ಖಾಲಿ ಮಾಡಿಕೊಡುತ್ತಾರೆ, ಯಾವ ಪತ್ರ ತರದಿದ್ದರೆ ಮುಂಗಡ ವಾಪಸ್, ಎಷ್ಟು ದಿನದೊಳಗೆ ವಾಪಸ್.

ಖರ್ಚಿನ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ 5 ಶೇಕಡಾ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರ ಬದಲು 2 ಶೇಕಡಾ ಆಗಿದೆ. ಒಟ್ಟು 7.6. ಅಂದರೆ 80 ಲಕ್ಷದ ಮನೆಗೆ 6,08,000 ರೂಪಾಯಿ. ಮಾರ್ಗಸೂಚಿ ಬೆಲೆ (ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ), ಕ್ರಯದ ಬೆಲೆ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ 1 ಶೇಕಡಾ ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲಿ ಮುರಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ನಿಮ್ಮದು. ಮಾರುವವರಲ್ಲಿ ಒಬ್ಬರು ಅನಿವಾಸಿಯಾಗಿದ್ದರೆ ಈ 1 ಶೇಕಡಾ ಅವರ ಪಾಲಿಗೆ ಅನ್ವಯಿಸುವುದಿಲ್ಲ, ದರ ಬಹಳ ಹೆಚ್ಚು. ಹಣ ಕೊಡುವ ಮೊದಲೇ ಆಡಿಟರ್ ಹತ್ತಿರ ಕೂತು ಲೆಕ್ಕ ಮಾಡಿಸಿ.

ಹಂತ 10: ನೋಂದಣಿ ದಿನ ಮತ್ತು ಮೊದಲ ತಿಂಗಳು

ನೋಂದಣಿಯ ಹಿಂದಿನ ದಿನ ಇ.ಸಿ. ಇನ್ನೊಮ್ಮೆ ತೆಗೆಯಿರಿ. ಕರಾರಿನಿಂದ ಕ್ರಯದವರೆಗಿನ ಗ್ಯಾಪಿನಲ್ಲಿ ಇನ್ನೊಬ್ಬರಿಗೆ ಕರಾರು ಬರೆದುಕೊಟ್ಟಿರುವವರಿದ್ದಾರೆ. ಮೂಲ ಪತ್ರಗಳನ್ನು, ಜೆರಾಕ್ಸ್ ಅಲ್ಲ, ಕೈಗೆ ತೆಗೆದುಕೊಂಡ ಮೇಲೆ ಕೊನೆಯ ಡಿಡಿ ಕೊಡಿ. ಬೀಗದ ಕೈ ಕೂಡ ಅಲ್ಲೇ.

ಆಮೇಲೆ ಖಾತಾ, ಬೆಸ್ಕಾಂ, ಜಲಮಂಡಳಿ ಈ ಕ್ರಮದಲ್ಲಿ ಹೆಸರು ಬದಲಿಸಿ. ಖಾತಾ ಆಗದೆ ಉಳಿದೆರಡು ಮುಂದೆ ಹೋಗುವುದು ಕಷ್ಟ. ಸಾಮಾನು ಸಾಗಿಸುವ ಮೊದಲು ಸಂಪು, ಓವರ್‌ಹೆಡ್ ಟ್ಯಾಂಕು ತೊಳೆಸಿ. ಕೆಳಗೆ ವರ್ಕ್‌ಶಾಪು ಇತ್ತಾದರೆ ಆ ನೆಲದ ಎಣ್ಣೆ ಹಿಡಿದ ಕಾಂಕ್ರೀಟನ್ನು ಕಿತ್ತು ಹಾಕಿಸಿ, ಮೇಲೆ ಟೈಲ್ಸ್ ಅಂಟಿಸಿದರೆ ನಿಲ್ಲುವುದಿಲ್ಲ. ಹಳೇ ಶೆಡ್ಡಿನ ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಶೀಟು ಉಳಿದಿದ್ದರೆ ಒಡೆದು ಇಳಿಸಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಧೂಳು ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ಕೆಳಗಿಳಿಸಲು ಹೇಳಿ. ಆ ಹೊತ್ತು ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಪಕ್ಕದ ವರ್ಕ್‌ಶಾಪಿನವರ ಜೊತೆ ಮೊದಲ ವಾರವೇ ಮಾತಾಡಿ, ಮೆಷಿನ್ ನಿಲ್ಲಿಸುವ ಹೊತ್ತು, ಲಾರಿ ಬರುವ ಹೊತ್ತು ಕೇಳಿಕೊಳ್ಳಿ. ದೂರು ಕೊಡಬೇಕಾಗಿ ಬಂದರೆ ರಾತ್ರಿ ಶಬ್ದಕ್ಕೆ 112, ಹೊಗೆ ಮತ್ತು ರಾಸಾಯನಿಕ ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ತಾರೀಖು, ಸಮಯ ಕಾಣುವ ವಿಡಿಯೊ ಮತ್ತು ಹಂತ 2ರಲ್ಲಿ ಪಡೆದ ವಲಯ ದೃಢೀಕರಣದ ಪ್ರತಿಯನ್ನು ಅರ್ಜಿ ಜೊತೆ ಲಗತ್ತಿಸಿ.